ಬ್ಯಾರೆಲ್ ಬಾಗಿದ್ದು ಎಲ್ಲಿ? ಒಂದು ಬಂದೂಕು ಕಾರ್ಖಾನೆಯ ಸ್ಥಳಾಂತರದ ಪ್ರಕರಣ

ಈ ಪ್ರಕರಣದ ಕಂಪನಿ ಇಂದಿಗೂ ವ್ಯಾಪಾರದಲ್ಲಿದೆ. ಆದ್ದರಿಂದ ಹೆಸರಿಲ್ಲ, ಊರೂ ಇಲ್ಲ. ಹೊರಟಿದ್ದು ಅಮೆರಿಕದ ಕನೆಕ್ಟಿಕಟ್ ರಾಜ್ಯದಿಂದ, ಹೋಗಿ ಸೇರಿದ್ದು ದಕ್ಷಿಣದ ಒಂದು ರಾಜ್ಯಕ್ಕೆ. ಇಷ್ಟು ಗೊತ್ತಿದ್ದರೆ ಸಾಕು. ಜನರ ಸಂಖ್ಯೆ, ನಂಟುಗಳು ಮುಂತಾದ ಕೆಲವು ವಿವರಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ. ಬಂದೂಕು ಬೇಕೋ ಬೇಡವೋ ಎಂಬ ಜಗಳಕ್ಕೆ ನಾನು ಇಲ್ಲಿ ಕೈ ಹಾಕುವುದಿಲ್ಲ. ಆ ಜಗಳದ ಬಿಸಿಯಲ್ಲಿ ತೆಗೆದುಕೊಂಡ ಒಂದು ತೀರ್ಮಾನ ಶಾಪ್ ಫ್ಲೋರಿಗೆ ಇಳಿದಾಗ ಏನಾಯಿತು ಎನ್ನುವುದಷ್ಟೇ ನನಗೆ ಗೊತ್ತಿರುವ ವಿಷಯ.

ನಾನು ಆ ಕಂಪನಿಯ ನೌಕರನೂ ಅಲ್ಲ. ಯಂತ್ರಗಳನ್ನು ಕಿತ್ತು, ಸಾಗಿಸಿ, ಹೊಸ ಜಾಗದಲ್ಲಿ ಕೂರಿಸಿ, ಮೊದಲ ಸರಿಯಾದ ಪೀಸ್ ಹೊರಬರುವವರೆಗೆ ಜೊತೆಗಿರುವ ಸಣ್ಣ ಸಂಸ್ಥೆಯೊಂದರಲ್ಲಿ ಪ್ರೊಸೆಸ್ ಎಂಜಿನಿಯರ್ ಆಗಿದ್ದೆ. ಕೆಲಸ ಕಲಿತಿದ್ದು ಬೆಂಗಳೂರಿನ ಪೀಣ್ಯದಲ್ಲಿ, ಲೇತ್ ಮುಂದೆ ನಿಂತು. ಗ್ರೀನ್ ಕಾರ್ಡ್ ಬರುವ ಮುಂಚೆ ಈ ಕಾರ್ಖಾನೆಯೊಳಕ್ಕೆ ಬರುವಂತೆಯೇ ಇರಲಿಲ್ಲ. ಬಂದೂಕಿನ ತಾಂತ್ರಿಕ ನಕ್ಷೆಗಳೆಲ್ಲ ಆಗ ಐಟಾರ್ ಎಂಬ ರಫ್ತು ನಿಯಮದ ಅಡಿ ಇದ್ದವು. ಅಮೆರಿಕದ ನೆಲದಲ್ಲೇ ಕೂತು ಒಬ್ಬ ವಿದೇಶಿಯನಿಗೆ ನಕ್ಷೆ ತೋರಿಸಿದರೂ ಅದು ರಫ್ತು ಮಾಡಿದ ಲೆಕ್ಕ. ಕಾರ್ಡು ಕೈಗೆ ಬಂದ ಮೇಲೆ ಸಿಕ್ಕ ಮೊದಲ ದೊಡ್ಡ ಕೆಲಸ ಇದು.

ಹಿನ್ನೆಲೆ

ಕನೆಕ್ಟಿಕಟ್ ನದಿಯ ದಂಡೆಯನ್ನು ಅಲ್ಲಿನವರು ಗನ್ ವ್ಯಾಲಿ ಎನ್ನುತ್ತಾರೆ. ಮೇಲ್ಭಾಗದ ಮ್ಯಾಸಚೂಸೆಟ್ಸ್‌ನಲ್ಲಿ ಸ್ಪ್ರಿಂಗ್‌ಫೀಲ್ಡ್ ಆರ್ಮರಿ ಎಂಬ ಸರ್ಕಾರಿ ಬಂದೂಕು ಕಾರ್ಖಾನೆ 1794ರಿಂದ 1968ರವರೆಗೆ ನಡೆಯಿತು. ಕೆಳಗೆ ಹಾರ್ಟ್‌ಫರ್ಡ್‌ನಲ್ಲಿ ಕೋಲ್ಟ್ ಬಂದೂಕು ಕಂಪನಿ. ಕೋಲ್ಟ್‌ನಲ್ಲಿ ಕೆಲಸ ಮಾಡಿದ್ದ ಪ್ರಾಟ್ ಮತ್ತು ವಿಟ್ನಿ ಎಂಬಿಬ್ಬರು ಯಂತ್ರೋಪಕರಣದ ಕಂಪನಿ ಕಟ್ಟಿದರು. ಅದೇ ಹೆಸರಿನ ವಿಮಾನ ಎಂಜಿನ್ ಕಂಪನಿ 1925ರಲ್ಲಿ ಅದರ ಬಗಲಲ್ಲೇ ಹುಟ್ಟಿತು. ಈ ಹಳೆಯ ಕಥೆ ಹೇಳಲು ಕಾರಣವಿದೆ. ಆ ಕಣಿವೆಯಲ್ಲಿ ಬಂದೂಕು ಮಾಡುವವನಿಗೆ ಬೇಕಾದ ಕುಲುಮೆ, ಅಲ್ಯೂಮಿನಿಯಂಗೆ ಗಟ್ಟಿ ಲೇಪ ಕೊಡುವ ಆನೋಡೈಸಿಂಗ್ ತೊಟ್ಟಿ, ಗೇಜ್ ತಿದ್ದುವ ಅಂಗಡಿ ಎಲ್ಲವೂ ಅರ್ಧ ಗಂಟೆಯ ದಾರಿಯಲ್ಲಿ ಸಿಗುತ್ತವೆ. ವಿಮಾನದ ಭಾಗಗಳ ಕೆಲಸವೂ ಅವರ ಬಳಿ ಬರುವುದರಿಂದ ಆ ಅಂಗಡಿಗಳು ಬದುಕಿಕೊಂಡಿವೆ.

ನಮ್ಮ ಪ್ರಕರಣದ ಕಂಪನಿಯನ್ನು ಶುರು ಮಾಡಿದ್ದು ಒಬ್ಬ ಟೂಲ್‌ಮೇಕರ್. ನಾನು ಹೋಗುವ ಹೊತ್ತಿಗೆ ಅವರು ತೀರಿಕೊಂಡಿದ್ದರು. ಮಗ ಮಾರಾಟ ನೋಡಿಕೊಳ್ಳುತ್ತಿದ್ದ, ಮಗಳು ಹಣಕಾಸು. ಇವರನ್ನು ಅಣ್ಣ, ತಂಗಿ ಎಂದೇ ಕರೆಯುತ್ತೇನೆ. ನೂರಕ್ಕೆ ಸ್ವಲ್ಪ ಮೇಲ್ಪಟ್ಟು ಕೆಲಸಗಾರರು. ತಮ್ಮದೇ ಹೆಸರಿನ ಎಆರ್ ಮಾದರಿಯ (ಸೇನೆಯ ರೈಫಲ್ಲನ್ನು ಹೋಲುವ, ಜನಸಾಮಾನ್ಯರಿಗೆ ಮಾರುವ) ರೈಫಲ್ ಒಂದು ಕಡೆ, ಬೇರೆ ಬ್ರ್ಯಾಂಡ್‌ಗಳಿಗೆ ಬ್ಯಾರೆಲ್, ಅಂದರೆ ಬಂದೂಕಿನ ನಳಿಗೆ, ಮಾಡಿಕೊಡುವುದು ಇನ್ನೊಂದು ಕಡೆ. ಹೊರಗೆ ಹೆಸರು ತಂದಿದ್ದು ರೈಫಲ್. ಮನೆ ನಡೆಸುತ್ತಿದ್ದದ್ದು ಬ್ಯಾರೆಲ್.

2012ರ ಡಿಸೆಂಬರ್ 14ರಂದು ಅದೇ ರಾಜ್ಯದ ನ್ಯೂಟೌನ್‌ನ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳೂ 6 ಮಂದಿ ಸಿಬ್ಬಂದಿಯೂ ಗುಂಡಿಗೆ ಬಲಿಯಾದರು. ಕಾರ್ಖಾನೆಯಿಂದ ಆ ಊರು ಕಾರಿನಲ್ಲಿ ಒಂದು ಗಂಟೆಯೊಳಗಿನ ದಾರಿ. ಆ ಶುಕ್ರವಾರ ಎರಡನೇ ಶಿಫ್ಟ್ ನಡೆಯಲಿಲ್ಲವಂತೆ. ನಿಲ್ಲಿಸಿ ಎಂದು ಯಾರೂ ಹೇಳಿರಲಿಲ್ಲ. ಬಂದವರು ಪಾರ್ಕಿಂಗ್ ಜಾಗದಲ್ಲಿ ನಿಂತಿದ್ದು ಹಾಗೇ ಮನೆಗೆ ಹೋದರು. ಮುಂದೆ ಎಷ್ಟೋ ತಿಂಗಳು ಕಳೆದ ಮೇಲೆ ಇದನ್ನು ನನಗೆ ಹೇಳಿದಾತ, ಸ್ಥಳಾಂತರದ ಪರ ಗಟ್ಟಿಯಾಗಿ ಮಾತಾಡುತ್ತಿದ್ದವರಲ್ಲೊಬ್ಬ.

2013ರ ಏಪ್ರಿಲ್ 4ರಂದು ರಾಜ್ಯಪಾಲ ಡ್ಯಾನೆಲ್ ಮಲೊಯ್ ಹೊಸ ಕಾಯಿದೆಗೆ ಸಹಿ ಹಾಕಿದರು. ನೂರಕ್ಕೂ ಹೆಚ್ಚು ಮಾದರಿಯ ಬಂದೂಕುಗಳು ನಿಷೇಧದ ಪಟ್ಟಿ ಸೇರಿದವು, 10ಕ್ಕಿಂತ ಹೆಚ್ಚು ಗುಂಡು ಹಿಡಿಯುವ ಮ್ಯಾಗಜೀನ್‌ಗಳ ಮಾರಾಟ ನಿಂತಿತು. ಇದಕ್ಕೆ ಮೊದಲೇ, ಜನವರಿ 15ರಂದು, ನ್ಯೂಯಾರ್ಕ್ ಸೇಫ್ ಆಕ್ಟ್ ಎಂಬ ತನ್ನ ಬಂದೂಕು ಕಾಯಿದೆ ತಂದಾಗಿತ್ತು. ಮೇರಿಲ್ಯಾಂಡ್, ಕೊಲೊರಾಡೊಗಳೂ ಅದೇ ವರ್ಷ ಕಾಯಿದೆ ಬಿಗಿ ಮಾಡಿದವು.

ಹೋಗಲೇಬೇಕಿತ್ತೇ?

ಕನೆಕ್ಟಿಕಟ್ ಕಾಯಿದೆ ಎಆರ್ ಮಾದರಿಯ ರೈಫಲ್‌ಗಳನ್ನು ರಾಜ್ಯದೊಳಗೆ ಮಾರುವುದನ್ನು ತಡೆದಿತ್ತೇ ಹೊರತು ತಯಾರಿಸಿ ಹೊರ ರಾಜ್ಯಗಳಿಗೆ ಕಳಿಸುವುದನ್ನು ತಡೆದಿರಲಿಲ್ಲ. ಈ ಕಂಪನಿಯ ಮಾಲಿನಲ್ಲಿ ರಾಜ್ಯದೊಳಗೆ ಉಳಿಯುತ್ತಿದ್ದದ್ದು ಬೆರಳೆಣಿಕೆಯಷ್ಟು. ಅಂದರೆ ಕಾಯಿದೆ ಬಂದ ಮಾರನೆಯ ದಿನವೂ ಯಂತ್ರ ಓಡಿಸಬಹುದಿತ್ತು, ಲಾರಿ ತುಂಬಬಹುದಿತ್ತು. ಬ್ಯಾರೆಲ್‌ಗಂತೂ ಆ ಕಾಯಿದೆಯಲ್ಲಿ ಯಾವ ನಿರ್ಬಂಧವೂ ಇರಲಿಲ್ಲ. ಅಮೆರಿಕದ ಕಾನೂನಿನ ಕಣ್ಣಿಗೆ ರಿಸೀವರ್ ಎಂಬ ಒಡಲಷ್ಟೇ ಬಂದೂಕು. ಉಳಿದದ್ದೆಲ್ಲ ಬಿಡಿಭಾಗ.

ಹಾಗಾದರೆ ಹೊರಟಿದ್ದೇಕೆ? ಹೊಸಬರಿಗೆ ಅರ್ಥವಾಗದ ಒಂದು ಭಯ ಈ ಉದ್ಯಮದಲ್ಲಿದೆ: ಗಿರಾಕಿಯ ಸಿಟ್ಟಿನ ಭಯ. 2000ದ ಮಾರ್ಚ್‌ನಲ್ಲಿ ಸ್ಮಿತ್ ಅಂಡ್ ವೆಸ್ಸನ್ ಕಂಪನಿ ಕ್ಲಿಂಟನ್ ಸರ್ಕಾರದ ಜೊತೆ ಸುರಕ್ಷತೆಯ ಕುರಿತು ಒಪ್ಪಂದ ಮಾಡಿಕೊಂಡಿತು. ಕೊಳ್ಳುವವರು ಅದನ್ನು ದ್ರೋಹವೆಂದು ಕಂಡರು, ಬಹಿಷ್ಕಾರ ಹಾಕಿದರು, ಮಾರಾಟ ಕುಸಿಯಿತು. 1987ರಲ್ಲಿ 11.25 ಕೋಟಿ ಡಾಲರ್ ಕೊಟ್ಟು ಆ ಕಂಪನಿಯನ್ನು ಕೊಂಡಿದ್ದ ಬ್ರಿಟನ್ನಿನ ಟಾಮ್‌ಕಿನ್ಸ್ 2001ರಲ್ಲಿ ಅದನ್ನು ಕೇವಲ 1.5 ಕೋಟಿ ಡಾಲರಿಗೆ, ಸಾಲದ ಹೊರೆಯ ಸಮೇತ, ಮಾರಿ ಕೈತೊಳೆದುಕೊಂಡಿತು. ಅಣ್ಣನ ಮೇಜಿನ ಮೇಲೆ ಆ ಕಾಲದ ಪತ್ರಿಕೆಯ ತುಣುಕೊಂದು ಗಾಜಿನಡಿ ಇತ್ತು. ಉಳಿದವರು ದೇವರ ಪಟ ಇಟ್ಟುಕೊಳ್ಳುವ ಜಾಗದಲ್ಲಿ ಅವನದು ಅದು.

2013ರ ಬೇಸಿಗೆಯಲ್ಲಿ ಡೀಲರ್‌ಗಳು ಫೋನ್ ಮಾಡಿ ಬೆಲೆಗಿಂತ ಮುಂಚೆ ಕೇಳುತ್ತಿದ್ದದ್ದು, "ನೀವಿನ್ನೂ ಅಲ್ಲೇ ತೆರಿಗೆ ಕಟ್ಟುತ್ತಿದ್ದೀರಾ?" ಇತ್ತ ದಕ್ಷಿಣದ, ಪಶ್ಚಿಮದ ರಾಜ್ಯಗಳು ಬಹಿರಂಗವಾಗಿಯೇ ಕರೆಯುತ್ತಿದ್ದವು. ಟೆಕ್ಸಸ್ ರಾಜ್ಯಪಾಲ ರಿಕ್ ಪೆರಿ ಜೂನ್‌ನಲ್ಲಿ ಕನೆಕ್ಟಿಕಟ್‌ಗೇ ಬಂದು ಬಂದೂಕು ತಯಾರಕರನ್ನು ಭೇಟಿ ಮಾಡಿದರು. ಅದೇ ತಿಂಗಳು ಬ್ರಿಸ್ಟಲ್ ಊರಿನ ಪಿಟಿಆರ್ ಎಂಬ ರೈಫಲ್ ಕಂಪನಿ ದಕ್ಷಿಣ ಕ್ಯಾರೊಲೈನಾಕ್ಕೆ ಹೋಗುವುದಾಗಿ ಸಾರಿತು. ಇವೆಲ್ಲ ಪತ್ರಿಕೆಗಳಲ್ಲಿ ಬಂದ ಸಂಗತಿಗಳು. ನಮ್ಮ ಕಂಪನಿಯ ಒಳಗೆ ಆದದ್ದು ಇಷ್ಟು: ಅಣ್ಣ ಹೋಗೋಣ ಎಂದ, ತಂಗಿ ಲೆಕ್ಕ ಹಾಕೋಣ ಎಂದಳು.

ತಂಗಿಯ ಬಳಿ ಬೇರೆ ದಾರಿಯೊಂದಿತ್ತು. ರೂಗರ್ ಕಂಪನಿ ಆ ವರ್ಷ ಉತ್ತರ ಕ್ಯಾರೊಲೈನಾದ ಮೇಯೊಡನ್‌ನಲ್ಲಿ ಹಳೆಯ ಜವಳಿ ಕಾರ್ಖಾನೆ ಹಿಡಿದು ಹೊಸ ಘಟಕ ತೆರೆಯುತ್ತಿತ್ತು. ಅದರ ಮುಖ್ಯ ಕಚೇರಿ ಮಾತ್ರ ಕನೆಕ್ಟಿಕಟ್‌ನಲ್ಲೇ ಉಳಿಯಿತು. ಮಾಸ್‌ಬರ್ಗ್ ಕಂಪನಿಯೂ ನಾರ್ತ್ ಹೇವನ್ ಬಿಡದೆ ಟೆಕ್ಸಸ್‌ನ ಈಗಲ್ ಪಾಸ್ ಘಟಕವನ್ನು ಬೆಳೆಸುತ್ತಿತ್ತು. ಬೇರನ್ನು ಅಲುಗಿಸಬೇಡಿ, ಹೊಸ ಕೊಂಬೆಯನ್ನಷ್ಟೇ ಆಚೆ ಹಬ್ಬಿಸಿ ಎನ್ನುವ ಲೆಕ್ಕ ಅವಳದು. ರೈಫಲ್ ಜೋಡಣೆ ದಕ್ಷಿಣಕ್ಕೆ, ಬ್ಯಾರೆಲ್ ಇಲ್ಲೇ. ಬ್ಯಾಂಕಿಗೂ ಇದು ಹಿಡಿಸಿತ್ತು.

ಆದರೆ ದಕ್ಷಿಣದ ರಾಜ್ಯ ಒಡ್ಡಿದ ಪ್ರೋತ್ಸಾಹಧನ ತಲೆಯೆಣಿಕೆಯ ಮೇಲಿತ್ತು. ಎಷ್ಟು ಉದ್ಯೋಗವೋ ಅಷ್ಟು ದುಡ್ಡು, ಜೊತೆಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ, ಖಾಲಿ ಬಿದ್ದಿದ್ದ ತಗಡಿನ ಕಟ್ಟಡ ಕಡಿಮೆ ಬಾಡಿಗೆಗೆ, ಟೆಕ್ನಿಕಲ್ ಕಾಲೇಜಿನಲ್ಲಿ ಕೆಲಸಗಾರರಿಗೆ ಉಚಿತ ತರಬೇತಿ. ಬರೀ ಜೋಡಣೆ ಒಯ್ದರೆ ತಲೆಗಳು ಸಾಲದು. ಬ್ಯಾರೆಲ್ ವಿಭಾಗವನ್ನೂ ಸೇರಿಸಿದರೆ ಮಾತ್ರ ಮೇಲಿನ ದರ್ಜೆಯ ಕೊಡುಗೆ. ಬ್ಯಾರೆಲ್ ವಿಭಾಗ ದಕ್ಷಿಣಕ್ಕೆ ಹೋದದ್ದು ಈ ಒಂದು ಷರತ್ತಿನಿಂದ. ಕಾಯಿದೆಗೂ ಅದಕ್ಕೂ ಸಂಬಂಧವಿರಲಿಲ್ಲ, ಗಿರಾಕಿಯ ಸಿಟ್ಟಿಗೂ ಇರಲಿಲ್ಲ. ಈ ಪ್ರಕರಣವನ್ನು ಓದುವವರು ಇಲ್ಲಿ ಸ್ವಲ್ಪ ನಿಂತು ಮುಂದೆ ಹೋಗಬೇಕು. ರೈಫಲ್ ಒಯ್ಯಲು ಒಂದು ಕಾರಣವಾದರೂ ಇತ್ತು. ಬ್ಯಾರೆಲ್ ಹೋದದ್ದು ಅರ್ಜಿಯ ಒಂದು ಖಾನೆ ತುಂಬಲು.

ನನ್ನ ತಪ್ಪೂ ಒಂದಿದೆ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಯಾರು ಜೊತೆಗೆ ಬರುತ್ತಾರೆ ಎಂದು ತಿಳಿಯಲು ಕೆಲಸಗಾರರಿಗೆ ಒಂದು ಹಾಳೆ ಹಂಚಿದ್ದರು. ಪ್ರಶ್ನೆ ಹೀಗಿತ್ತು: ಕಂಪನಿ ದಕ್ಷಿಣಕ್ಕೆ ಹೋದರೆ ಬರುವ ಬಗ್ಗೆ ಯೋಚಿಸುವಿರಾ? ಅರ್ಧದಷ್ಟು ಜನ ಹೌದು ಎಂದು ಗುರುತು ಹಾಕಿದರು. ಸಾಗಣೆ ಯೋಜನೆಯ ಸ್ಪ್ರೆಡ್‌ಶೀಟ್‌ನಲ್ಲಿ ಆ ಅರ್ಧವನ್ನು "ಬರುವವರು" ಎಂಬ ಕಾಲಮ್ಮಿಗೆ ಹಾಕಿದವನು ನಾನು. ನಮ್ಮೂರಲ್ಲಿ ಮದುವೆಗೆ ಕರೆದಾಗ "ನೋಡೋಣ" ಎಂದವರಿಗೆಲ್ಲ ಎಲೆ ಹಾಕಿಸಿದ ಹಾಗಾಯಿತು. ಬರದಿರುವವರ "ನೋಡೋಣ"ವನ್ನು ಹುಟ್ಟಿದಾಗಿಂದ ಕೇಳಿಕೊಂಡು ಬೆಳೆದ ನಾನೇ ಇದನ್ನು ಮಾಡಿದೆ.

ಸಾಗಣೆ

ಸಾಗಣೆಯ ಬಗ್ಗೆ ಹೆಚ್ಚು ಹೇಳುವುದೇನಿಲ್ಲ, ಅದು ಚೆನ್ನಾಗಿಯೇ ನಡೆಯಿತು. ಮೊದಲು ಜೋಡಣೆ, ಆಮೇಲೆ ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರಗಳು, ಕೊನೆಗೆ ಬ್ಯಾರೆಲ್ ಸಾಲು, ಹೀಗೆ ಮೂರು ಹಂತ. ಬಂದೂಕು ತಯಾರಕರ ಫೆಡರಲ್ ಪರವಾನಗಿ ಒಂದು ವಿಳಾಸಕ್ಕೆ ಅಂಟಿಕೊಂಡಿರುತ್ತದೆ. ಹೊಸ ವಿಳಾಸಕ್ಕೆ ಒಪ್ಪಿಗೆ ಬರುವವರೆಗೆ ಸಂಖ್ಯೆ ಬಿದ್ದ ಒಂದೇ ಒಂದು ರಿಸೀವರ್ ಕೂಡ ಅಲ್ಲಿಗೆ ಹೋಗಿ ಕೂರುವಂತಿಲ್ಲ. ಅರ್ಧ ಕೆಲಸವಾದ ಪ್ರತಿ ರಿಸೀವರೂ ದಾಖಲೆ ಪುಸ್ತಕದಲ್ಲಿ ಸಾಲು ಸಾಲಾಗಿ ಇರಬೇಕು. ಇದನ್ನೆಲ್ಲ ತಂಗಿ ನೋಡಿಕೊಂಡಳು, ಒಂದು ಸಂಖ್ಯೆಯೂ ತಪ್ಪಲಿಲ್ಲ.

ನೆನಪಿನಲ್ಲಿ ಉಳಿದದ್ದು ಒಂದು. ರಿಸೀವರ್ ಮೇಲೆ ತಯಾರಕನ ಹೆಸರಿನ ಜೊತೆ ಊರು, ರಾಜ್ಯವನ್ನೂ ಕೆತ್ತಬೇಕೆಂಬ ನಿಯಮವಿದೆ. ಲೇಸರ್ ಯಂತ್ರದ ಪ್ರೋಗ್ರಾಮಿನಲ್ಲಿ ಹಳೆಯ ಊರಿನ ಹೆಸರು ಅಳಿಸಿ ಹೊಸದು ಹಾಕಲು ನನಗೆ ಹಿಡಿದದ್ದು ಎರಡು ನಿಮಿಷ. ಆ ಎರಡು ನಿಮಿಷ ಆಪರೇಟರ್ ನನ್ನ ಹಿಂದೆ ಕೈಕಟ್ಟಿ ನಿಂತಿದ್ದ. ಹೊಸ ಹೆಸರು ಹಳೆಯದಕ್ಕಿಂತ ಎರಡಕ್ಷರ ಉದ್ದ. ಸಾಲು ಅಂಚಿಗೆ ತಾಗುತ್ತಿತ್ತು. ಅಕ್ಷರದ ಅಳತೆ ಕಿರಿದು ಮಾಡಿದೆ. "ಈಗ ಕೂತಿತು," ಎಂದನಷ್ಟೆ. ಅವನು ಬರುವವರ ಪಟ್ಟಿಯಲ್ಲಿ ಇರಲಿಲ್ಲ.

ಪಟ್ಟಿಯಲ್ಲಿದ್ದವರಲ್ಲಿ ಕೊನೆಗೆ ಹೊರಟು ನಿಂತವರು ಹದಿನಾಲ್ಕು ಮಂದಿ, ಅವರಲ್ಲಿ ಹೆಚ್ಚಿನವರು ಮೇಲ್ವಿಚಾರಕರು. ಒಬ್ಬನ ಹೆಂಡತಿ ಸ್ಥಳೀಯ ಆಸ್ಪತ್ರೆಯಲ್ಲಿ ನರ್ಸ್. ಇನ್ನೊಬ್ಬನಿಗೆ ಮನೆ ಮಾರಿದರೆ ಸಾಲವೂ ತೀರದು. ಮತ್ತೊಬ್ಬನ ಮಗ ಶಾಲೆಯ ಕೊನೆಯ ವರ್ಷ. ಬಂದೂಕು ಕಾಯಿದೆಯನ್ನು ದಿನಾ ಬೈಯುತ್ತಿದ್ದವರೂ ಊರು ಬಿಡಲಿಲ್ಲ. ಹೋದವರಿಗೆ ಕೊಡಲೆಂದು ಇಟ್ಟಿದ್ದ ಬೋನಸ್ ಹಣದಲ್ಲಿ ಬಹುಪಾಲು ಹಾಗೇ ಉಳಿಯಿತು. ಅಣ್ಣ ಅದನ್ನು ಉಳಿತಾಯವೆಂದು ವರದಿಯಲ್ಲಿ ತೋರಿಸಿದ. ಪಾಪ, ಬ್ಯಾಂಕಿನವರೂ ನಂಬಿದರು.

ಕೈಕೆಲಸ ಕೈಜಾರದಿರಲಿ ಎಂದು ಮಾಡಿದ ಪ್ರಯತ್ನಗಳನ್ನೂ ಹೇಳಬೇಕು. ಪ್ರತಿ ಆಪರೇಷನ್ನಿಗೂ ವಿಡಿಯೊ ತೆಗೆದೆವು. ಯಂತ್ರದಲ್ಲಿ ಪೀಸನ್ನು ಬಿಗಿದು ಹಿಡಿಯುವ ಫಿಕ್ಸ್ಚರ್‌ಗಳಿಗೆ ನಂಬರು ಬರೆದೆವು. ಹಳಬರನ್ನು ಕೂರಿಸಿ ಸೆಟಪ್ ಹಾಳೆಗಳನ್ನು ತಿದ್ದಿಸಿದೆವು. ಹೀಗೆ ಮಾಡಿದ್ದು ಮಾರ್ಲಿನ್ ಕಥೆ ಎಲ್ಲರಿಗೂ ಗೊತ್ತಿದ್ದರಿಂದ. ಮಾರ್ಲಿನ್ ಅದೇ ರಾಜ್ಯದ ನಾರ್ತ್ ಹೇವನ್‌ನ ಹಳೆಯ ರೈಫಲ್ ಕಂಪನಿ. ರೆಮಿಂಗ್ಟನ್ ಅದನ್ನು ಕೊಂಡು, 2011ರಲ್ಲಿ ಘಟಕ ಮುಚ್ಚಿ, ಕೆಲಸವನ್ನು ನ್ಯೂಯಾರ್ಕಿನ ಇಲಿಯನ್‌ಗೆ ಒಯ್ದಿತು. ಹಳೆಯ ಯಂತ್ರಗಳು ಬಂದವು, ಅವನ್ನು ಪಳಗಿಸಿದ್ದವರು ಬರಲಿಲ್ಲ. ಆ ವರ್ಷಗಳಲ್ಲಿ ಬಂದ ರೈಫಲ್‌ಗಳಿಗೆ ಕೊಳ್ಳುವವರು "ರೆಮ್ಲಿನ್" ಎಂದು ಅಡ್ಡಹೆಸರಿಟ್ಟರು. ಬ್ಯಾರೆಲ್ ಮೇಲೆ ಹಳೆಯ ಮಾರ್ಲಿನ್ ಕಾರ್ಖಾನೆಯ ಜೆಎಂ ಮುದ್ರೆ ಇರುವುದಕ್ಕೆ ಹೆಚ್ಚು ಬೆಲೆ ಕೊಟ್ಟು ಹುಡುಕತೊಡಗಿದರು. ನಾವು ಹಾಗಾಗಬಾರದು ಎಂದು ಮೀಟಿಂಗಿನಲ್ಲಿ ಎಷ್ಟು ಸಲ ಹೇಳಿಕೊಂಡೆವೋ. ವಿಡಿಯೊ ಮಾತ್ರ ನಮ್ಮ ನಾಲ್ಕು ಗೋಡೆಯೊಳಗಿನ ಕೆಲಸದ್ದು.

ಬಾಗಿದ ಬ್ಯಾರೆಲ್‌ಗಳು

ಹೊಸ ಘಟಕ ಪೂರ್ತಿಯಾಗಿ ಓಡತೊಡಗಿದ್ದು 2014ರ ಬೇಸಿಗೆಯಲ್ಲಿ. ಆ ಹೊತ್ತಿಗೆ ಗಾಳಿ ತಿರುಗಿತ್ತು. ಸ್ಯಾಂಡಿ ಹುಕ್ ನಂತರ ಕಾಯಿದೆಗೆ ಹೆದರಿ ಜನ ಮುಗಿಬಿದ್ದು ಕೊಂಡಿದ್ದರು. ಖರೀದಿಯ ಮುಂಚೆ ನಡೆಯುವ ಹಿನ್ನೆಲೆ ತಪಾಸಣೆಗಳ ಸಂಖ್ಯೆಯೇ ಈ ವ್ಯಾಪಾರದ ನಾಡಿ. ಅದು 2013ರಲ್ಲಿ 2.1 ಕೋಟಿ ದಾಟಿ ಆವರೆಗಿನ ದಾಖಲೆಯಾಗಿತ್ತು. ಬಂದೂಕು ಸೋಪಿನಂತೆ ಸವೆಯುವ ವಸ್ತುವಲ್ಲವಲ್ಲ. ಕೊಂಡವನು ಕೊಂಡಾಯಿತು. 2014ರಲ್ಲಿ ಡೀಲರ್‌ಗಳ ಗೋದಾಮಿನಲ್ಲಿ ಎಆರ್ ರೈಫಲ್‌ಗಳು ರಾಶಿ ಬಿದ್ದಿದ್ದವು. ಉಬ್ಬರದ ಲೆಕ್ಕದಲ್ಲಿ ಸಾಲ ಮಾಡಿ, ಇಳಿತದಲ್ಲಿ ಬಾಗಿಲು ತೆರೆದಂತಾಯಿತು.

ಆಗ ಕೈಹಿಡಿಯಬೇಕಿದ್ದದ್ದು ಬ್ಯಾರೆಲ್. ಅದೇ ಕೈಕೊಟ್ಟಿತು.

ದೊಡ್ಡ ಗಿರಾಕಿಯೊಬ್ಬನಿಂದ ದೂರು ಬಂತು. ಟೆಸ್ಟ್ ರೇಂಜಿನಲ್ಲಿ ನಾವೇ ಹಾರಿಸಿ ನೋಡಿದೆವು. ಮೊದಲ ಮೂರು ಗುಂಡು ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಬಿದ್ದವು. ಬ್ಯಾರೆಲ್ ಬಿಸಿಯಾಗುತ್ತ ಹೋದಂತೆ ಗುಂಡು ಬಲಕ್ಕೆ ಜರುಗುತ್ತ ಹೋಗಿ, ಹತ್ತನೆಯದು ಎರಡು ಬೆರಳು ಆಚೆ. ಇನ್ನೊಂದು ಬ್ಯಾರೆಲ್ ಎಡಕ್ಕೆ. ಮೂರನೆಯದು ಮೇಲಕ್ಕೆ. ಅಳತೆ ನೋಡಿದರೆ ಎಲ್ಲವೂ ಟಾಲರೆನ್ಸ್, ಅಂದರೆ ನಕ್ಷೆ ಒಪ್ಪುವ ವ್ಯತ್ಯಾಸದ, ಒಳಗೇ. ಗೇಜ್‌ಗಳು ಪಾಸ್, ಕಾಗದ ಪಾಸ್.

ನಾನು ಅನುಮಾನಿಸಿದ್ದು ಡ್ರಿಲ್ಲಿಂಗ್ ಯಂತ್ರದ ಪಾಯವನ್ನು. ಆರು ವಾರ ಅದರ ಹಿಂದೆ ಓಡಾಡಿದೆ, ಲೆವೆಲ್ ಮತ್ತೆ ಕಟ್ಟಿಸಿದೆ, ಕೂಲಂಟ್ ಒತ್ತಡ ಅಳೆದೆ. ಸ್ಥಳೀಯರಿಗೆ ಕೆಲಸ ಬರದು ಎಂದು ಮೇಲ್ವಿಚಾರಕರು ಗೊಣಗಿದರು. ಅದರಲ್ಲಿ ಅರೆಪಾಲು ಸತ್ಯವಿತ್ತು. ಬಂದೂಕು ಸ್ನೇಹಿ ರಾಜ್ಯವಾದ್ದರಿಂದ ಕೆಲಸಕ್ಕೆ ಬಂದವರೆಲ್ಲ ಬೇಟೆ ಗೊತ್ತಿದ್ದವರು, ರೈಫಲ್ ಬಿಚ್ಚಿ ಜೋಡಿಸಬಲ್ಲವರು. ಲೇತ್ ಗೊತ್ತಿದ್ದವರನ್ನು ಹತ್ತಿರದ ಕಾರು ಕಾರ್ಖಾನೆ ಹೆಚ್ಚಿನ ಸಂಬಳ ಕೊಟ್ಟು ಎಂದೋ ಎತ್ತಿಕೊಂಡಿತ್ತು. ಅಣ್ಣ "ಸ್ನೇಹಿ" ಎಂಬ ಪದವನ್ನು ನಂಬಿದ್ದ. ಆ ಸ್ನೇಹ ಮತಪೆಟ್ಟಿಗೆಯದು, ಮೈಕ್ರೋಮೀಟರಿನದಲ್ಲ ಎಂದು ಅವನಿಗೆ ಹೊಳೆದದ್ದು ತಡವಾಗಿ.

ತಂಗಿ ಒಂದು ಮಂಗಳವಾರ ಬೆಳಗ್ಗೆ ಡಾಕ್‌ಗೆ ಬಂದು ಲಾರಿ ಹೊರಡದಂತೆ ತಡೆದಳು. ಪ್ಯಾಕ್ ಆಗಿದ್ದ ಬ್ಯಾರೆಲ್‌ಗಳನ್ನೆಲ್ಲ ಇಳಿಸಿದರು. ತಿಂಗಳ ಕೊನೆಯ ಬಿಲ್ಲಿಂಗು ಹೋಯಿತು, ಬ್ಯಾಂಕಿನ ಷರತ್ತು ಮುರಿಯಿತು, ಅಣ್ಣ ಎರಡು ದಿನ ಮಾತಾಡಲಿಲ್ಲ. ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ದಿಟ್ಟವೆನಿಸಿದ ತೀರ್ಮಾನ ಇದು. ಕಾರಣ ಗೊತ್ತಿಲ್ಲದಿದ್ದರೂ ನಿಲ್ಲಿಸಿದಳು. ಅದೇ ಸಂಜೆ ಹಳೆಯ ಊರಿಗೆ ಫೋನ್ ಮಾಡಿ, ಬ್ಯಾರೆಲ್ ನೇರ ಮಾಡುತ್ತಿದ್ದ ಮುದುಕನನ್ನು ಎರಡು ವಾರದ ಮಟ್ಟಿಗೆ ಬರಲು ಕೇಳಿಕೊಂಡಳು.

ಆತ ಬಂದು ಮೊದಲು ಕೇಳಿದ್ದು, "ಇಲ್ಲಿ ಕಿಟಕಿ ಎಲ್ಲಿ?"

ತಗಡಿನ ಕಟ್ಟಡಕ್ಕೆ ಕಿಟಕಿ ಇರಲಿಲ್ಲ. ಎಲ್ಲ ಟ್ಯೂಬ್‌ಲೈಟ್. ಲೋಡಿಂಗ್ ಡಾಕ್‌ನ ಶಟರ್ ಎತ್ತಿಸಿ, ಅಲ್ಲೊಂದು ಸ್ಟೂಲ್ ಹಾಕಿಸಿ ಕೂತ. ಬ್ಯಾರೆಲ್ಲಿನ ಒಂದು ತುದಿ ಕಣ್ಣಿಗೆ, ಇನ್ನೊಂದು ತುದಿ ಆಕಾಶದ ಕಡೆಗೆ. ನನ್ನನ್ನೂ ಕೂರಿಸಿ ತೋರಿಸಿದ. ಒಳಗೋಡೆಯ ಮೇಲೆ ಬೆಳಕು ನೆರಳು ಸೇರಿ ಉಂಗುರಗಳಾಗಿ ಕಾಣುತ್ತವೆ. ಬ್ಯಾರೆಲ್ ನೇರವಿದ್ದರೆ ಕೈಯಲ್ಲಿ ಸರಿಯಾಗಿ ಕೂತ ಬಳೆಗಳ ಹಾಗೆ ಒಂದರ ಹಿಂದೊಂದು. ಬಾಗಿದ್ದರೆ ಉಂಗುರ ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣಕಲು. ಬ್ಯಾರೆಲ್ಲನ್ನು ಬೆರಳಲ್ಲಿ ನಿಧಾನ ತಿರುಗಿಸುತ್ತ, ದಪ್ಪ ಎಲ್ಲಿ ನಿಂತಿತೋ ಅಲ್ಲಿಗೆ ಸೀಮೆಸುಣ್ಣದ ಗೆರೆ. ಪ್ರೆಸ್ಸಿನಲ್ಲಿಟ್ಟು ಒಂದು ಒತ್ತು. ಮತ್ತೆ ಕಣ್ಣಿಗೆ. ಬೆಂಗಳೂರಿನ ಎಚ್‌ಎಂಟಿಯಲ್ಲಿದ್ದ ನನ್ನ ಸೋದರಮಾವ ಲೇತಿನ ಬೆಡ್ಡನ್ನು ಕೈಯಲ್ಲೇ ಸ್ಕ್ರೇಪ್ ಮಾಡುತ್ತಿದ್ದದ್ದು ನೆನಪಾಯಿತು. ಅವರೂ ಹೀಗೇ, ಮಾತಿನ ನಡುವೆ ನಿಲ್ಲಿಸಿ ಬೆಳಕಿನ ಕಡೆ ತಲೆ ವಾಲಿಸುತ್ತಿದ್ದರು.

ಇಪ್ಪತ್ತು ಬ್ಯಾರೆಲ್ ನೋಡಿ ಕೆಳಗಿಟ್ಟ. "ಅಲ್ಲಿ ನಾನು ನೂರಕ್ಕೆ ಐದಾರು ಒತ್ತುತ್ತಿದ್ದೆ. ಇಲ್ಲಿ ಎಲ್ಲವನ್ನೂ ಯಾರೋ ಒತ್ತಿದ್ದಾರೆ." ಆಮೇಲೆ, "ಒಲೆಯಲ್ಲಿ ಹೇಗೆ ಇಡುತ್ತಾರೆ?"

ಆ ಪ್ರಶ್ನೆಯನ್ನು ನಾನು ಕೇಳಿರಲಿಲ್ಲ. ಒಳಗೆ ರೈಫ್ಲಿಂಗ್ ಗೆರೆ (ಗುಂಡನ್ನು ತಿರುಗಿಸುವ ಸುರುಳಿ ಗೀರು) ಬಿದ್ದ ಮೇಲೆ ಉಕ್ಕಿನೊಳಗಿನ ಬಿಗಿತ ಕಳೆಯಲು ಬ್ಯಾರೆಲ್‌ಗಳನ್ನು ಕುಲುಮೆಗೆ ಕಳಿಸುತ್ತಾರೆ. ಹಳೆಯ ಊರಿನಲ್ಲಿ ಆ ಕೆಲಸ ಪಕ್ಕದ ಬೀದಿಯ ಅಂಗಡಿಯದು. ಇಲ್ಲಿ ಟೆಂಡರ್ ಕರೆದು ಹೊಸ ಅಂಗಡಿಗೆ ಕೊಟ್ಟಿದ್ದೆವು. ಪರ್ಚೇಸ್ ಆರ್ಡರ್‌ನಲ್ಲಿ ಉಷ್ಣಾಂಶವಿತ್ತು, ಗಂಟೆಗಳಿದ್ದವು, ತಣಿಸುವ ವೇಗವಿತ್ತು. ಮರುದಿನ ಅಲ್ಲಿಗೆ ಹೋಗಿ ನೋಡಿದರೆ ಬುಟ್ಟಿಗಳಲ್ಲಿ ಬ್ಯಾರೆಲ್‌ಗಳನ್ನು ಸೌದೆಯ ಹಾಗೆ ಅಡ್ಡಡ್ಡ ಪೇರಿಸಿದ್ದರು. ಕಾದು ಮೆತ್ತಗಾದ ಉದ್ದನೆಯ ಉಕ್ಕು ತನ್ನ ಭಾರಕ್ಕೂ ಮೇಲಿನವುಗಳ ಭಾರಕ್ಕೂ ಬಾಗಿ, ಬಾಗಿದ ಹಾಗೇ ತಣಿಯುತ್ತಿತ್ತು. ಬಂದದ್ದನ್ನು ನಮ್ಮ ಹೊಸ ಹುಡುಗರು ಪ್ರೆಸ್ಸಿನಲ್ಲಿ ಒತ್ತಿ ನೇರ ಮಾಡುತ್ತಿದ್ದರು. ಕಳೆಯಬೇಕಿದ್ದ ಬಿಗಿತ ಆ ಒತ್ತಿನಿಂದ ಮತ್ತೆ ಒಳಗೆ ಸೇರುತ್ತಿತ್ತು. ಗುಂಡು ಹಾರಿಸಿ ಬಿಸಿಯಾದಾಗ ಬ್ಯಾರೆಲ್ ತನ್ನ ಹಳೆಯ ಬಾಗಿನ ಕಡೆಗೆ ತಿರುಗುತ್ತಿತ್ತು.

ಹಳೆಯ ಊರಿನ ಕುಲುಮೆಯವನು ಬ್ಯಾರೆಲ್‌ಗಳನ್ನು ನೆಟ್ಟಗೆ ತೂಗುಹಾಕುತ್ತಿದ್ದ. ಯಾರೂ ಅವನಿಗೆ ಹೇಳಿರಲಿಲ್ಲ, ಅವನ ಅಪ್ಪನೂ ಹಾಗೇ ಮಾಡುತ್ತಿದ್ದ. ಯಾವ ಹಾಳೆಯಲ್ಲೂ ಅದು ಇರಲಿಲ್ಲ, ನಮ್ಮ ವಿಡಿಯೊಗಳಲ್ಲಿಯೂ ಇರಲಿಲ್ಲ. ಅವನ ಅಂಗಡಿ ನಮ್ಮ ಗೋಡೆಯ ಆಚೆಗಿತ್ತಲ್ಲ. ಅವನಿಗೆ ಕೊಡುತ್ತಿದ್ದ ಬಿಲ್ಲಿನಲ್ಲಿ ತೂಗುಹಾಕಿದ್ದಕ್ಕೆ ಬೇರೆ ಸಾಲೂ ಇರಲಿಲ್ಲ.

ಹೊಸ ಅಂಗಡಿಯವರಿಗೆ ಕೊಕ್ಕೆಗಳ ಚೌಕಟ್ಟು ಮಾಡಿಸಿಕೊಟ್ಟೆವು. ಒಂದು ಮಧ್ಯಾಹ್ನದ ವೆಲ್ಡಿಂಗ್ ಕೆಲಸ. ಮುದುಕ ಎರಡು ವಾರದ ಬದಲು ಐದು ವಾರ ಉಳಿದು, ಹಿಂದೆ ಕೋಳಿ ಸಂಸ್ಕರಣಾ ಘಟಕದಲ್ಲಿದ್ದ ಯುವತಿಯೊಬ್ಬಳಿಗೆ ಉಂಗುರ ನೋಡುವುದನ್ನು ಕಲಿಸಿ ಹೋದ. ಪ್ರೆಸ್ಸಿನ ಪಕ್ಕದ ತಗಡನ್ನು ಕತ್ತರಿಸಿ ಒಂದು ಕಿಟಕಿಯನ್ನೂ ಇಡಿಸಿದ.

ಲೆಕ್ಕ

ಆದರೆ ಆ ಹೊತ್ತಿಗೆ ದೊಡ್ಡ ಗಿರಾಕಿ ಬೇರೆ ಕಡೆ ಹೋಗಿದ್ದ. 2015 ಪೂರ್ತಿ ಸಾಲದ ಮಾತುಕತೆಯಲ್ಲಿ ಕಳೆಯಿತು. ಒಪ್ಪಿದಷ್ಟು ಉದ್ಯೋಗ ಕೊಡಲಾಗದೆ ಪ್ರೋತ್ಸಾಹಧನದ ಒಂದು ಪಾಲನ್ನು ರಾಜ್ಯಕ್ಕೆ ಮರಳಿಸಬೇಕಾಯಿತು. ಯಾವ ಖಾನೆ ತುಂಬಲು ಬ್ಯಾರೆಲ್ ಬಂದಿತ್ತೋ ಆ ಖಾನೆಯದೇ ದುಡ್ಡು. ಇದು ಇವರೊಬ್ಬರ ಕಥೆಯಲ್ಲ. ರೆಮಿಂಗ್ಟನ್ 2014ರಲ್ಲಿ ಅಲಬಾಮಾದ ಹಂಟ್ಸ್‌ವಿಲ್‌ನಲ್ಲಿ ಸುಮಾರು 2,000 ಉದ್ಯೋಗದ ಮಾತು ಕೊಟ್ಟಿತ್ತು. 2018ರಲ್ಲಿ ಒಮ್ಮೆ, 2020ರಲ್ಲಿ ಮತ್ತೊಮ್ಮೆ ದಿವಾಳಿ ಅರ್ಜಿ ಹಾಕಿ ತುಂಡುತುಂಡಾಗಿ ಮಾರಾಟವಾಯಿತು. ಮಾರ್ಲಿನ್ ಹೆಸರನ್ನು ರೂಗರ್ ಕೊಂಡು ಮೇಯೊಡನ್‌ಗೆ ಒಯ್ದಿತು.

ನಮ್ಮ ಕಂಪನಿಯನ್ನು ಉಳಿಸಿದ್ದು 2016ರ ಚುನಾವಣೆ. ಹಿಲರಿ ಕ್ಲಿಂಟನ್ ಗೆದ್ದರೆ ಕಾಯಿದೆ ಬರುತ್ತದೆಂಬ ಹೆದರಿಕೆಯಲ್ಲಿ ತಪಾಸಣೆಗಳ ಸಂಖ್ಯೆ 2.7 ಕೋಟಿ ದಾಟಿತು. ಅವರು ಸೋತ ಮೇಲೆ ಮಾರುಕಟ್ಟೆ ಮತ್ತೆ ಮಲಗಿತು. ಬಂದೂಕು ವ್ಯಾಪಾರಿಗೆ ಅವನ ಮೆಚ್ಚಿನ ಪಕ್ಷ ಗೆದ್ದರೆ ನಷ್ಟ. ಕಾಯಿದೆಯ ಭಯವಿದ್ದ ಕಡೆಯೇ ಗಿರಾಕಿ. ಈ ವಿಚಿತ್ರವನ್ನು ತಂಗಿ ನಗುತ್ತ ಹೇಳುತ್ತಿದ್ದಳು, ಅಣ್ಣನಿಗೆ ನಗು ಬರುತ್ತಿರಲಿಲ್ಲ.

ಹೋದದ್ದರಿಂದ ಡೀಲರ್‌ಗಳು ಒಲಿದರೇ? ಘೋಷಣೆಯಾದ ವಾರ ಅಭಿನಂದನೆಯ ಜೊತೆ ಆರ್ಡರುಗಳೂ ಬಂದವು. ಆರು ತಿಂಗಳಾಗುವಷ್ಟರಲ್ಲಿ ಯಾರೂ ಊರು ಕೇಳುತ್ತಿರಲಿಲ್ಲ, ಬೆಲೆ ಕೇಳುತ್ತಿದ್ದರು. ನನ್ನ ಮಟ್ಟಿಗೆ ಹೇಳುವುದಾದರೆ ರೈಫಲ್ ಜೋಡಣೆ ಒಯ್ದದ್ದು ತಪ್ಪಲ್ಲ. ಕೊಳ್ಳುವವನ ಮನಸ್ಸನ್ನು ಲೆಕ್ಕಕ್ಕೆ ಹಿಡಿಯದೆ ಈ ವ್ಯಾಪಾರ ಮಾಡಲಾಗದು, ಜೋಡಣೆಯ ಕೆಲಸವನ್ನು ಹೊಸಬರು ಕೆಲವೇ ವಾರದಲ್ಲಿ ಕಲಿಯುತ್ತಾರೆ. ಬ್ಯಾರೆಲ್‌ಗೆ ಆ ಎರಡೂ ಮಾತು ಒಪ್ಪುವುದಿಲ್ಲ. ಒಂದೇ ತೀರ್ಮಾನದೊಳಗೆ ಎರಡನ್ನೂ ಕಟ್ಟಿದ್ದು ಕೆಟ್ಟಿತು. 2021ರ ಸೆಪ್ಟೆಂಬರ್‌ನಲ್ಲಿ ಸ್ಮಿತ್ ಅಂಡ್ ವೆಸ್ಸನ್ ಮ್ಯಾಸಚೂಸೆಟ್ಸ್‌ನಿಂದ ಟೆನ್ನೆಸ್ಸಿಯ ಮೇರಿವಿಲ್‌ಗೆ ಮುಖ್ಯ ಕಚೇರಿ ಒಯ್ಯುವುದಾಗಿ ಸಾರಿದಾಗ ಸುದ್ದಿಯ ತಲೆಬರಹಗಳು "ಹೊರಟಿತು" ಎಂದವು. ನಾನು ಹುಡುಕಿದ್ದು ಕೆಳಗಿನ ಸಾಲು. ಫೋರ್ಜಿಂಗ್, ಯಂತ್ರಕೆಲಸ, ಲೋಹದ ಫಿನಿಶಿಂಗ್, ರಿವಾಲ್ವರ್ ಜೋಡಣೆ ಸ್ಪ್ರಿಂಗ್‌ಫೀಲ್ಡ್‌ನಲ್ಲೇ ಉಳಿಯುತ್ತವೆ, ಸುಮಾರು 1,000 ಉದ್ಯೋಗಗಳ ಸಮೇತ.

ನಮ್ಮ ಕಂಪನಿಯೂ ಅಷ್ಟರಲ್ಲಿ ಅಲ್ಲಿಗೇ ಬಂದು ನಿಂತಿತ್ತು, ದುಬಾರಿ ದಾರಿಯಲ್ಲಿ. ಹಳೆಯ ಊರಿನಲ್ಲಿ, ಕುಲುಮೆಯ ಬೀದಿಯಿಂದ ಸ್ವಲ್ಪ ದೂರಕ್ಕೆ, ಒಂದು ಶೆಡ್ ಬಾಡಿಗೆಗೆ ಹಿಡಿದು ಡ್ರಿಲ್ಲಿಂಗ್ ಮತ್ತು ರೈಫ್ಲಿಂಗ್ ಯಂತ್ರಗಳನ್ನು ವಾಪಸು ತಂದರು. ಆ ಸಾಗಣೆಯೂ ನಮ್ಮ ಸಂಸ್ಥೆಗೇ ಬಂತು, ನಾನೇ ಬಿಲ್ ಬರೆದೆ. ಹಳಬರಲ್ಲಿ ಒಂಬತ್ತು ಮಂದಿ ಮರಳಿ ಸೇರಿದರು. ದಕ್ಷಿಣದ ಆ ಯುವತಿ ಅಲ್ಲೇ ಉಳಿದು, ಬರುವ ಪ್ರತಿ ಪೆಟ್ಟಿಗೆಯಿಂದ ಕೆಲವು ಬ್ಯಾರೆಲ್ ತೆಗೆದು ತನ್ನ ಕಿಟಕಿಗೆ ಹಿಡಿದು ನೋಡುತ್ತಾಳೆ. ಇಷ್ಟವಾಗದ್ದನ್ನು ವಾಪಸು ಕಳಿಸುವ ಹಕ್ಕೂ ಅವಳಿಗಿದೆ.

ಬ್ಯಾರೆಲ್ ಮೇಲೆ ಊರಿನ ಹೆಸರು ಬರೆಯಬೇಕಾಗಿಲ್ಲ. ಅದು ರಿಸೀವರ್ ಮೇಲೆ ಇದ್ದರಾಯಿತು. ಡೀಲರ್ ಯಾರಾದರೂ ರೈಫಲ್ ಎಲ್ಲಿಯದೆಂದು ಕೇಳಿದರೆ ಅಣ್ಣ ಈಗಲೂ ದಕ್ಷಿಣದ ಊರಿನ ಹೆಸರು ಹೇಳುತ್ತಾನೆ, ಎರಡಕ್ಷರ ಉದ್ದವಿರುವುದನ್ನು.